ಹಿಂದಿನಿಂದ ಬಿದ್ದ ಒದೆ

ಆಂಡರ್ಸನ್‌ಪೇಟೆ
12-11-1988

ಗಂಗೂ,

ಕಾಲು ಹೇಗಿದೆ? ಮೊದಲು ಅದನ್ನು ಬರೆ, ಮಿಕ್ಕಿದ್ದೆಲ್ಲ ಆಮೇಲೆ.

ಮೊನ್ನೆ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನೀನು ಧೊಪ್ಪನೆ ಬಿದ್ದದ್ದು ಇನ್ನೂ ಕಣ್ಣ ಮುಂದೆಯೇ ಇದೆ. ಎತ್ತೋಣ ಎಂದು ಬಂದರೆ ನನ್ನ ಕೈ ಕೊಡವಿ, ಕಂಡಕ್ಟರ್ ಕೋದಂಡಪ್ಪನ ಭುಜ ಹಿಡಿದು ಕುಂಟುತ್ತಾ ಬಸ್ಸು ಹತ್ತಿದೆ. ತಿರುಗಿ ನೋಡಲೂ ಇಲ್ಲ. ಅಷ್ಟೊಂದು ಸಿಟ್ಟೇನೇ ನನ್ನ ಮೇಲೆ? ಕನಕಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಇಬ್ಬರೂ ಬಂದಿದ್ದೇವೆ, ಹೇಗೂ ಇಷ್ಟು ದೂರ ಬಂದವಳು ಒಂದು ರಾತ್ರಿ ನಮ್ಮನೆಯಲ್ಲಿ ಉಳಿದು ಹೋಗು ಎಂದು ಗೋಗರೆದೆ. ಎಮ್ಮೆ ಕರೆಯುವವರಿಲ್ಲ ಎಂದೆ. ನನಗೂ ರೇಗಿತು. "ಓಗಮ್ಮ ಓಗು, ಆ ಎಮ್ಮೆ ಜೊತೇಲೇ ಸಂಸಾರ ಮಾಡ್ಕ" ಎಂದದ್ದು ನಿಜ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಇದಕ್ಕಿಂತ ಕೆಟ್ಟದಾಗಿ ಬೈದಾಡಿಕೊಂಡಿಲ್ಲವೇ?

ಅಂಚೆಗೆ ಹಾಕಿದರೆ ಇದು ನಿನ್ನ ಕೈ ಸೇರುವಷ್ಟರಲ್ಲಿ ನಿನ್ನ ಸಿಟ್ಟು ಹಳಸಿಹೋಗುತ್ತದೆ. ಅದಕ್ಕೇ ಕೋದಂಡಪ್ಪನ ಕೈಯಲ್ಲಿ ಕಳಿಸಿದ್ದೇನೆ. ಅವನ ಕೈಯಲ್ಲೇ ಉತ್ತರ ಕೊಡು. ಅರಿಶಿನ, ಸುಣ್ಣ ಕಲಸಿ ಹಚ್ಚು. ನಿನ್ನ ಯಜಮಾನ ಕದಿರಪ್ಪಣ್ಣನಿಗೆ ಎರಡು ದಿನ ಎಮ್ಮೆ ಕರೆಯಲು ಹೇಳು, ಗಂಡಸಿನ ಕೈ ಏನೂ ಸವೆದುಹೋಗುವುದಿಲ್ಲ.

ನಿನ್ನ
ಮುತ್ಯಾಲು

* * *

ಬೂದಿಕೋಟೆ
14-11-1988

ಮುತ್ಯಾಲಮ್ಮನವರಿಗೆ,

ಕಾಲು ಹೇಗಿದೆ ಎಂದು ಕೇಳಿದ್ದೀರಿ. ಹಿಮ್ಮಡಿಯ ಮೇಲೆ ನೀಲಿಗಟ್ಟಿದೆ. ಅಲ್ಲಿ ಬೆರಳಿಟ್ಟರೆ ಗುಳಿ ಸಿಗುತ್ತದೆ. ತುದಿಗಾಲಲ್ಲಿ ನಿಲ್ಲಲು ಹೋದರೆ ಹಾಗೇ ಕುಸಿಯುತ್ತೇನೆ. ಸಂತೋಷವಾಯಿತೇ?

ಏನೂ ತಿಳಿಯದವಳ ಹಾಗೆ ಬರೆದಿದ್ದೀಯಲ್ಲೇ! ನೀನು ನನ್ನನ್ನು ಒದ್ದೆ. ಬಸ್ಸು ಹೊರಟಿತು ಎಂದು ನಾನು ಓಡಿದೆ, ಹಿಂದಿನಿಂದ ಫಟ್ ಎಂದು ಹಿಮ್ಮಡಿಯ ಮೇಲೆ ಒದೆ ಬಿತ್ತು. ಬಿದ್ದವಳು ತಿರುಗಿ ನೋಡಿದರೆ ಹಿಂದೆ ಇದ್ದವಳು ನೀನೊಬ್ಬಳೇ. ಒದೆ ಎಂದರೆ ಏನೆಂದು ನನಗೆ ಬೇರೆಯವರು ಹೇಳಿಕೊಡಬೇಕೇ? ಹುಟ್ಟುವಾಗ ಕಾಲು ಮುಂದಾಗಿ ಬಂದವಳು ನಾನು. ಬೆನ್ನು ಹಿಡಿದುಕೊಂಡವರು, ಸೊಂಟ ಉಳುಕಿದವರು ನನ್ನ ಜಗಲಿಯ ಮೇಲೆ ಬೋರಲು ಮಲಗುತ್ತಾರೆ, ನಾನು ಬಲಗಾಲಲ್ಲಿ ಮೆಲ್ಲಗೆ ಒದೆಯುತ್ತೇನೆ, ಎದ್ದು ನಡೆದು ಹೋಗುತ್ತಾರೆ. ಪಾವಾಡೆ ಲಂಗ ಉಡುವ ಕಾಲದಿಂದ ಇದೇ ಮಾಡಿಕೊಂಡು ಬಂದಿದ್ದೇನೆ. ಹೋಬಳಿಯ ಅರ್ಧ ಬೆನ್ನು ಈ ಕಾಲು ಕಂಡಿದೆ. ಅದೇ ಕಾಲಿಗೆ ಒದ್ದೆಯಲ್ಲೇ, ನಿನ್ನ ಕಾಲು ಹೇಗೆ ಬಂತು?

ಡೈರಿಯಲ್ಲಿ ಹಾಲು ಹಾಕಲು ಬಂದವರು ಏನಾಯಿತು ಎಂದು ಕೇಳಿದರು. ಮುಚ್ಚಿಡಲು ನನಗೇನು ಭಯ? ಹೇಳಿದೆ. ನಿನ್ನ ಅತ್ತಿಗೆ ನರಸಮ್ಮನೂ ಅಲ್ಲೇ ಇದ್ದಳು. ತಲೆ ತಗ್ಗಿಸಿಕೊಂಡು ಹೋದಳು.

ಗಂಗರತ್ನಮ್ಮ

* * *

ಆಂಡರ್ಸನ್‌ಪೇಟೆ
15-11-1988

ಗಂಗರತ್ನಮ್ಮ,

ನಿನ್ನ ಬುದ್ಧಿಗೆ ಏನು ಬಂದಿದೆ? ನಾನು ನಿನ್ನನ್ನು ಒದೆಯುವುದೇ! ನಾನು ನಿನ್ನಿಂದ ನಾಲ್ಕು ಮಾರು ದೂರ ನಿಂತಿದ್ದೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕನಕಮ್ಮ ಕೊಟ್ಟ ಬೂಂದಿ ಪೊಟ್ಟಣ. ಯಾರ ಮೇಲೆ ಬೇಕಾದರೂ ಆಣೆ ಇಡುತ್ತೇನೆ. ಬೇಕಾದರೆ ಕೋದಂಡಪ್ಪನನ್ನು ಕೇಳು.

ಒಂದೇ ಬೀದಿಯಲ್ಲಿ ಒಬ್ಬರ ಹಿಂದೊಬ್ಬರು ಹುಟ್ಟಿ, ಒಂದೇ ಲಂಗವನ್ನು ಇಬ್ಬರೂ ಹರಿದವರು ನಾವು. ನೀನು ಸೋದರಮಾವನನ್ನೇ ಮದುವೆಯಾಗಿ ಅಲ್ಲೇ ಉಳಿದೆ, ನನ್ನನ್ನು ಈ ಗಣಿ ಊರಿಗೆ ಕೊಟ್ಟರು. ಅಷ್ಟಕ್ಕೇ ನಾನು ಪರಕೀಯಳಾದೆನೇ? ಅದೂ ಡೈರಿಯಲ್ಲಿ, ಹಾಲಿನ ಕ್ಯೂನಲ್ಲಿ, ನನ್ನ ತವರಿನವರ ಎದುರಿಗೆ ಹೇಳಿದೆಯಾ?

ಇನ್ನು ನಾನು ಬರೆಯುವುದಿಲ್ಲ.

ಮುತ್ಯಾಲಮ್ಮ

* * *

ಆಂಡರ್ಸನ್‌ಪೇಟೆ
17-11-1988

ಗಂಗೂ,

ಬರೆಯುವುದಿಲ್ಲ ಎಂದವಳು ಬರೆಯುತ್ತಿದ್ದೇನೆ, ನಗಬೇಡ. ಇದು ಜಗಳದ ಮಾತಲ್ಲ, ನಿನ್ನ ಕಾಲಿನ ಮಾತು.

ನಾನು ರಾಬರ್ಟ್‌ಸನ್‌ಪೇಟೆಯ ಒಂದು ನರ್ಸಿಂಗ್ ಹೋಮಿನ ರೋಗಿಗಳಿಗೆ ಊಟದ ಕ್ಯಾರಿಯರ್ ಕಳಿಸುತ್ತೇನೆ, ನಿನಗೆ ಗೊತ್ತಲ್ಲ. ಬುಧವಾರ ಬುಧವಾರ ಅಲ್ಲಿಗೆ ಬೆಂಗಳೂರಿನಿಂದ ಮೂಳೆ ಡಾಕ್ಟರು ಬರುತ್ತಾರೆ. ನೀನು ಗುಳಿ ಸಿಗುತ್ತದೆ ಎಂದು ಬರೆದದ್ದು ತಲೆಯಲ್ಲೇ ಕೊರೆಯುತ್ತಿತ್ತು. ನಿನ್ನೆ ಅವರು ಊಟಕ್ಕೆ ಕೂತಾಗ ಹುಳಿ ಬಡಿಸುತ್ತಾ ಕೇಳಿಯೇಬಿಟ್ಟೆ. ಓಡುವಾಗ ಬಿದ್ದಳು, ತುದಿಗಾಲಲ್ಲಿ ನಿಲ್ಲಲಾಗದು, ಹಿಮ್ಮಡಿಯ ಮೇಲೆ ಗುಳಿ ಎಂದೆ. ನೀನು ಹೇಳುವ ಒದೆಯ ಸುದ್ದಿ ಮಾತ್ರ ಎತ್ತಲಿಲ್ಲ. ಅದನ್ನು ಯಾವ ಮುಖ ಹೊತ್ತು ಹೇಳಲಿ?

ಅವರು ತುತ್ತು ಅಲ್ಲೇ ಬಿಟ್ಟರು. ಮೀನಖಂಡವನ್ನೂ ಹಿಮ್ಮಡಿಯನ್ನೂ ಸೇರಿಸುವ ದಪ್ಪ ಹುರಿಯೊಂದಿದೆಯಂತೆ. ಅದೇ ಕಿತ್ತುಹೋಗಿರಬೇಕು ಎಂದರು. ನೀನು ಬೋರಲು ಮಲಗಿ ಪಾದ ಮಂಚದಿಂದ ಹೊರಗೆ ಬಿಡಬೇಕು, ಕದಿರಪ್ಪಣ್ಣ ನಿನ್ನ ಮೀನಖಂಡ ಹಿಸುಕಬೇಕು. ಪಾದ ತಾನಾಗಿ ಅಲ್ಲಾಡಿದರೆ ಹುರಿ ಚೆನ್ನಾಗಿದೆ. ಅಲ್ಲಾಡದಿದ್ದರೆ ಕಿತ್ತುಹೋಗಿದೆ. ಆಗ ತಡಮಾಡಬಾರದು. ಎರಡು ವಾರದೊಳಗೆ ಬಂದರೆ ಕಾಲು ಸೀಳದೆ, ಸಣ್ಣ ಸಣ್ಣ ತೂತುಗಳಲ್ಲಿ ಸೂಜಿ ಹಾಯಿಸಿ, ಚರ್ಮದ ಕೆಳಗೇ ಹುರಿಯ ಎರಡು ತುದಿ ಎಳೆದು ಕಟ್ಟುತ್ತಾರಂತೆ. ಅಲ್ಲಿ ಚರ್ಮ ತೆಳ್ಳಗೆ, ಉದ್ದಕ್ಕೆ ಕೊಯ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವಾಗುವುದೂ ಉಂಟು, ಅದಕ್ಕೇ ಇದು ವಾಸಿ ಎಂದರು. ತಡವಾದರೆ ತುದಿಗಳು ದೂರ ಸರಿದು ಗಂಟುಕಟ್ಟಿ, ಉದ್ದಕ್ಕೆ ಕೊಯ್ಯಲೇಬೇಕು. ಹಾಗೇ ಬಿಟ್ಟರೆ ಜೀವನಪೂರ್ತಿ ಕುಂಟು.

ಬರುವ ಬುಧವಾರ ಬಾ. ನನ್ನನ್ನು ಮಾತಾಡಿಸಬೇಡ, ಮುಖ ನೋಡಬೇಡ, ಬೇಕಾದರೆ ಹೊರಗೆ ನಿಲ್ಲಿಸು. ಬಾ ಅಷ್ಟೆ.

ಮುತ್ಯಾಲು

* * *

ಬೂದಿಕೋಟೆ
19-11-1988

ಮುತ್ಯಾಲಮ್ಮ,

ನಮ್ಮೆಜಮಾನರು ಹಿಸುಕಿದರು. ಎಡಗಾಲು ಹಿಸುಕಿದರೆ ಪಾದ ಮೀನಿನ ಬಾಲದ ಹಾಗೆ ಆಡಿತು. ಬಲಗಾಲು ಹಿಸುಕಿದರೆ ಏನೂ ಇಲ್ಲ, ಕೊರಡಿನ ಹಾಗೆ ಬಿದ್ದಿತ್ತು. ಅವರು ಮತ್ತೆ ಮತ್ತೆ ಹಿಸುಕಿ, "ಲೇ ಗಂಗಾ, ಇದು ಅರಿಶಿನಕ್ಕೆ ಓಗೋ ನೋವಲ್ಲ ಕಣೆ. ಆಸ್ಪತ್ರೆಗೆ ಓಗಾನ" ಎಂದು ಅತ್ತರು. ಗಂಡಸು ಅತ್ತದ್ದು ನೋಡಿ ನನಗೂ ಹೋಗಿಬಿಡೋಣ ಎನ್ನಿಸಿತು.

ಆದರೆ ಕತ್ತಿ ಹೇಗೆ ಮುಟ್ಟಿಸಲಿ ಹೇಳು? ಇದು ಮುಂದಾಗಿ ಬಂದ ಕಾಲು. ಕಬ್ಬಿಣ ತಾಗಿದರೆ ಗುಣ ಹೋಗುತ್ತದೆ ಎಂದು ಅಜ್ಜಿ ನನಗೆ ಈ ಕಾಲಿಗೆ ಹಚ್ಚೆಯನ್ನೂ ಹಾಕಿಸಲಿಲ್ಲ. ನಿನಗೆ ಮೂವರು ಮಕ್ಕಳು. ನನಗೆ ಯಾರೂ ಇಲ್ಲ. ಬಂಜೆ ಎಂದು ಬಾಗಿನಕ್ಕೆ ಕರೆಯದ ಹೆಂಗಸರೂ ಬೆನ್ನು ಹಿಡಿದುಕೊಂಡರೆ "ಗಂಗಕ್ಕಾ" ಎಂದು ನನ್ನ ಜಗಲಿಗೆ ಬರುತ್ತಾರೆ. ಮಲಗಿ, ಎದ್ದು, ಸ್ವಲ್ಪ ಹೊತ್ತು ಕೂತು, ತಮ್ಮ ಮನೆಯ ಕಷ್ಟಸುಖ ಹೇಳಿ ಹೋಗುತ್ತಾರೆ. ಈ ಕಾಲಿನ ಗುಣ ಹೋದರೆ ನನ್ನ ಜಗಲಿ ಯಾರು ತುಳಿಯುತ್ತಾರೆ?

ಇನ್ನೊಂದು ಮಾತು. ಒದ್ದವಳು ಒದ್ದಿಲ್ಲ ಎನ್ನುತ್ತಾಳೆ, ಅವಳೇ ಡಾಕ್ಟರನ್ನೂ ತೋರಿಸುತ್ತಾಳೆ. ಹಾಗೆ ನಾನು ಬರುವುದಿಲ್ಲ. ಒದ್ದೆ ಎಂದು ಒಪ್ಪಿಕೋ. ಒಪ್ಪಿಕೊಂಡು ಬರೆದುಬಿಟ್ಟರೆ, ನೀನು ಹೇಳಿದ ಕಡೆ ಬರುತ್ತೇನೆ, ಸೂಜಿಯಾದರೂ ಸರಿ, ಕತ್ತಿಯಾದರೂ ಸರಿ. ಒಪ್ಪಿಕೊಳ್ಳದಿದ್ದರೆ ಕಾಲು ಹೀಗೇ ಇರಲಿ. ಯಾರಿಂದ ಆಯಿತು ಎಂದು ನೋಡಿದವರಿಗೆಲ್ಲ ಗೊತ್ತಾಗಲಿ.

ಗಂಗರತ್ನಮ್ಮ

* * *

ಆಂಡರ್ಸನ್‌ಪೇಟೆ
21-11-1988

ಗಂಗೂ,

ಹೌದು ಕಣೆ, ಒದ್ದೆ.

ನೀನು ಬಸ್ಸಿಗೆ ಓಡಿದಾಗ ಸಿಟ್ಟು ತಡೆಯಲಾಗಲಿಲ್ಲ. ಹಿಂದೆಯೇ ಬಂದು, ಚಪ್ಪಲಿ ಹಾಕಿದ ಕಾಲಲ್ಲೇ ಒದ್ದೆ. ತಪ್ಪಾಯಿತು. ಸಾಕೇ? ಇನ್ನೂ ಏನಾದರೂ ಸೇರಿಸಬೇಕಿದ್ದರೆ ಹೇಳು, ಸೇರಿಸುತ್ತೇನೆ.

ಈಗ ನಿನ್ನ ಮಾತು ಉಳಿಸಿಕೋ. ಬುಧವಾರ ಬೆಳಿಗ್ಗೆ ಮೊದಲ ಬಸ್ಸು. ಮುಂದಿನ ಸೀಟು ಹಿಡಿದಿಡಲು ಕೋದಂಡಪ್ಪನಿಗೆ ಹೇಳಿದ್ದೇನೆ, ಕಾಲು ಚಾಚಿಕೊಂಡು ಕೂತುಕೋ. ಬೆಳಿಗ್ಗೆ ಏನೂ ತಿನ್ನದೆ, ಕುಡಿಯದೆ ಬಾ. ಎರಡು ಹಳೇ ಸೀರೆ ತಾ. ಆಪರೇಷನ್ ಆದ ಮೇಲೆ ನಮ್ಮನೆಯಲ್ಲೇ ಇರಬೇಕು, ಎಮ್ಮೆಯ ಹೆಸರು ಎತ್ತಿದರೆ ನೋಡು. ಗುಣದ ಮಾತು ಆಮೇಲೆ ನೋಡಿಕೊಳ್ಳೋಣ. ಮೊದಲು ಕಾಲು ಉಳಿಯಲಿ.

ನಿನ್ನನ್ನು ಒದ್ದ
ಮುತ್ಯಾಲು

* * *

ಬೂದಿಕೋಟೆ
3-1-1989

ಮುತ್ಯಾಲೂ,

ಮನೆ ಸೇರಿದೆ. ಎಮ್ಮೆ ನನ್ನನ್ನು ಮರೆತಿದೆ, ನಮ್ಮೆಜಮಾನರ ಕೈಗೇ ಒಗ್ಗಿಕೊಂಡಿದೆ. ನಾನು ಹೋದರೆ ಕಾಲು ಝಾಡಿಸುತ್ತದೆ.

ನಿಮ್ಮ ಕೆ.ಜಿ.ಎಫ್.ನವರು ಮಾವುಕಟ್ಟು ಎನ್ನುವ ಈ ಬಿಳಿ ಕಟ್ಟನ್ನು ನೋಡಲು ಬೀದಿಯೇ ಬಂದು ಹೋಯಿತು. ಪಾದದ ತುದಿ ಕೆಳಕ್ಕೆ ಇಳಿಸಿ ಕಟ್ಟಿದ್ದರಲ್ಲ, ಮೊನ್ನೆ ಅದನ್ನು ಬಿಚ್ಚಿ, ಪಾದ ಸ್ವಲ್ಪ ಮೇಲೆತ್ತಿ ಹೊಸದು ಹಾಕಿದ ಮೇಲೆ ಸುಖವಾಗಿದೆ. ಹೇಗೆ ಮಾಡಿದರು ಎಂದು ಎಲ್ಲರೂ ಕೇಳುತ್ತಾರೆ. ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು, ನೋವಿರಲಿಲ್ಲ, ಎಚ್ಚರವಾಗಿಯೇ ಇದ್ದೆ, ಲಂಗಕ್ಕೆ ಲಾಡಿ ಪೋಣಿಸಿ ಎಳೆದ ಹಾಗೆ ಎಳೆಯುತ್ತಿದ್ದರು ಎನ್ನುತ್ತೇನೆ. ಆರೇ ಆರು ತೂತು, ಕೊಯ್ಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಕಿರುಬೆರಳಿನ ಪಕ್ಕ ಇನ್ನೂ ಜೋಮು ಹಿಡಿದ ಹಾಗಿದೆ. ಅಲ್ಲೊಂದು ಸಣ್ಣ ನರ ಹಾದುಹೋಗುತ್ತದೆ, ಅದಕ್ಕೆ ಸ್ವಲ್ಪ ತಾಗಿರಬಹುದು, ನಿಧಾನಕ್ಕೆ ಹೋಗುತ್ತದೆ ಎಂದಿದ್ದಾರೆ. ಡಾಕ್ಟರು ಒಳಗೆ ಇನ್ನೂ ಏನೇನೋ ಹೇಳಿದರು, ಅದನ್ನು ಮತ್ತೊಮ್ಮೆ ಬರೆಯುತ್ತೇನೆ.

ನಿಮ್ಮನೆಯಲ್ಲಿ ಇದ್ದ ದಿನಗಳು ಕಣ್ಣು ಮುಚ್ಚಿದರೆ ಬರುತ್ತವೆ. ನೀನು ತಲೆ ಬಾಚುತ್ತಿದ್ದೆ, ಬಚ್ಚಲಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ನಾನು "ಒದ್ದೋಳು ನೀನೇ ತಾನೇ, ಇನ್ನೊಂದು ಲೋಟ ಕಾಪಿ ತಗಂಬಾ" ಎಂದರೆ ಗೊಣಗುತ್ತಾ ತರುತ್ತಿದ್ದೆ. ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಹಾಗೆ ನೋಡಿಕೊಂಡಿರಲಿಲ್ಲ.

ಸಂಕ್ರಾಂತಿಗೆ ತವರಿಗೆ ಬರುತ್ತೀಯಲ್ಲ? ಎಳ್ಳು ಹುರಿದಿಟ್ಟಿದ್ದೇನೆ.

ನಿನ್ನ
ಗಂಗೂ

* * *

ಆಂಡರ್ಸನ್‌ಪೇಟೆ
11-1-1989

ಗಂಗೂ,

ಕಾಲು ನೆಲಕ್ಕೆ ಊರಬೇಡ, ಡಾಕ್ಟರು ಹೇಳುವವರೆಗೂ ಊರಬೇಡ. ನಿನ್ನ ಬುದ್ಧಿ ನನಗೆ ಗೊತ್ತು, ಯಾರೂ ಇಲ್ಲದಾಗ ಎದ್ದು ಎಮ್ಮೆಗೆ ಹುಲ್ಲು ಹಾಕುತ್ತೀಯ.

ಈ ಸಲ ಸಂಕ್ರಾಂತಿಗೆ ಬರುತ್ತಿಲ್ಲ. ನರ್ಸಿಂಗ್ ಹೋಮಿನ ಕ್ಯಾರಿಯರ್ ಜಾಸ್ತಿಯಾಗಿದೆ. ಅಲ್ಲದೆ ತವರಿನಿಂದ ರಾಮಚಂದ್ರಣ್ಣ ಕೋದಂಡಪ್ಪನ ಹತ್ತಿರ "ಈ ಸಲ ಬ್ಯಾಡ ಅಂತ ಏಳಪ್ಪ, ಜನ ಬಾಯಿಗೆ ಬಂದಂಗೆ ಆಡ್ತಾವ್ರೆ" ಎಂದು ಹೇಳಿ ಕಳಿಸಿದ್ದಾನೆ. ಒದ್ದೆ ಎಂದು ನಾನು ಬರೆದ ಕಾಗದವನ್ನು ನೀನು ಆಪರೇಷನ್ನಿಗೆ ಬರುವ ಹಿಂದಿನ ದಿನ ಡೈರಿಯಲ್ಲಿ ಗಟ್ಟಿಯಾಗಿ ಓದಿದೆಯಂತೆ. ಓದಿದರೆ ಓದು, ಬರೆದವಳು ನಾನೇ ತಾನೇ. ಅತ್ತಿಗೆ ಡೈರಿಗೆ ಹೋಗುವುದನ್ನೇ ಬಿಟ್ಟು ಮಗಳನ್ನು ಕಳಿಸುತ್ತಾಳಂತೆ. ಒಡಹುಟ್ಟಿದಂಥವಳನ್ನು ಚಪ್ಪಲಿ ಕಾಲಲ್ಲಿ ಒದ್ದವಳ ಮನೆ ಎಂದರೆ ಯಾರಿಗಾದರೂ ಬೇಜಾರಾಗುತ್ತದೆ.

ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಳ್ಳು ಕೋದಂಡಪ್ಪನ ಕೈಯಲ್ಲಿ ಕಳಿಸು. ಜೋಮು ಕಡಿಮೆಯಾಯಿತೇ, ಬರೆ.

ಮುತ್ಯಾಲು

* * *

ಬೂದಿಕೋಟೆ
28-3-1989

ನನ್ನ ಮುತ್ಯಾಲೂ,

ಇಷ್ಟು ದಿನ ಬರೆಯಲಿಲ್ಲ. ಬೈಕೊಂಡಿರುತ್ತೀಯ. ಬೈಕೋ.

ಡಾಕ್ಟರು ಒಳಗೆ ಹೇಳಿದ್ದನ್ನು ಈಗ ಬರೆಯುತ್ತೇನೆ. ಆಪರೇಷನ್ನಿಗೆ ಬಂದ ಬುಧವಾರ ನೀನು ಚೀಟಿ ಮಾಡಿಸಲು ಹೋಗಿದ್ದೆ. ನನ್ನನ್ನು ಬೋರಲು ಮಲಗಿಸಿ ಮೀನಖಂಡ ಹಿಸುಕಿದರು. ಆಮೇಲೆ ಅವರಾಗಿಯೇ ಕೇಳಿದರು: "ಅಮ್ಮ, ಕಿತ್ತಾಗ ಹಿಂದಿನಿಂದ ಯಾರೋ ಒದ್ದ ಹಾಗಾಯಿತೇ?" "ಊಂ ಸ್ವಾಮಿ, ಒದ್ದೋಳು ಹೊರಗೇ ಅವ್ಳೆ, ಒಪ್ಕಂಡೂ ಅವ್ಳೆ" ಎಂದೆ. ಅವರು ಜೋರಾಗಿ ನಕ್ಕುಬಿಟ್ಟರು. "ಯಾರೂ ಒದ್ದಿಲ್ಲಮ್ಮ. ಈ ಹುರಿ ಕಿತ್ತವರೆಲ್ಲ ಇದೇ ಹೇಳೋದು. ಓಡುವಾಗ ತಾನಾಗಿ ಕಿತ್ತುಹೋಗುತ್ತೆ, ಒದೆ ಬಿದ್ದ ಹಾಗೇ ಅನ್ನಿಸುತ್ತೆ. ತಿರುಗಿ ನೋಡಿದರೆ ಯಾರೂ ಇರಲ್ಲ. ನಿಮಗೆ ಪಾಪ, ಯಾರೋ ಇದ್ದುಬಿಟ್ಟರು" ಎಂದರು.

ಹೊರಗೆ ಬಂದಾಗ ನೀನು ಬೆಂಚಿನ ಮೇಲೆ ನನ್ನ ಸೀರೆಗಂಟು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ನಿನ್ನ ಭುಜ ಹಿಡಿದು ಪಕ್ಕದಲ್ಲೇ ಕೂತೆ. ನಿನ್ನ ಕಾಗದ ಸುಳ್ಳು, ನನ್ನನ್ನು ಬರಮಾಡಿಕೊಳ್ಳಲು ಬರೆದದ್ದು ಎಂದು ಆ ಕ್ಷಣವೇ ತಿಳಿಯಿತು. ನಿಮ್ಮನೆಗೆ ಬಂದ ಮೇಲೂ ನಾಳೆ ಹೇಳೋಣ, ನಾಳೆ ಹೇಳೋಣ ಎಂದು ತಳ್ಳಿದೆ. ಒದ್ದಿಲ್ಲ ಎಂದು ಒದ್ದಿಲ್ಲದವಳಿಗೆ ಗೊತ್ತೇ ಇರುತ್ತದಲ್ಲ, ಅವಳಿಗೆ ಹೊಸದಾಗಿ ಹೇಳುವುದೇನಿದೆ, ತಿಳಿಯಬೇಕಾದವರು ಊರಿನವರು ಎಂದುಕೊಂಡೆ. ಊರಿಗೆ ಹೇಳಲು ಕಾಗದ ಸಾಲದು, ಮಂಚದ ಮೇಲೆ ಕೂತು ಹೇಳಿದರೂ ಸಾಲದು. ಈ ಕಾಲಲ್ಲೇ ಹೋಗಿ ಹೇಳಬೇಕು ಎಂದು ಕಾದೆ. ಆಮೇಲೆ ನಿನ್ನ ಸಂಕ್ರಾಂತಿಯ ಕಾಗದ ಬಂತು. ಅದನ್ನು ಓದಿ ನಾನು ಅತ್ತಷ್ಟು ಕಾಲು ಕಿತ್ತಾಗಲೂ ಅತ್ತಿರಲಿಲ್ಲ.

ಕಟ್ಟು ಬಿಚ್ಚಿ, ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿ, ಗೋಡೆ ಹಿಡಿದು, ಕೋಲು ಹಿಡಿದು, ಈಗ ಕೋಲೂ ಬಿಟ್ಟಿದ್ದೇನೆ. ನಿನ್ನೆ ಬೆಳಿಗ್ಗೆ ಡೈರಿಗೆ ನಾನೇ ಹೋದೆ. ಹಾಲು ಹಾಕಿಸಿ, ಕ್ಯೂ ಮುಂದೆ ನಿಂತು ಹೇಳಿದೆ. "ಕೇಳ್ರಮ್ಮ, ಮುತ್ಯಾಲು ನನ್ನ ಒದ್ದಿಲ್ಲ. ಕಾಲು ತಾನಾಗೇ ಕಿತ್ಕಂಡಿದ್ದು. ನನ್ನ ಕಾಲು ಉಳೀಲಿ ಅಂತ ಇಲ್ಲದ್ದ ಒಪ್ಕಂಡ್ಳು. ತಪ್ಪು ನಂದು." ಆಮೇಲೆ ಬೀದಿಯ ಒಂದೊಂದು ಮನೆಗೂ ಹೋದೆ. ಕೇಳಿದವರಿಗೆಲ್ಲ ಸೂಜಿಯ ಆರು ಚುಕ್ಕೆ ತೋರಿಸಿದೆ, ಒಳ್ಳೇ ಹಚ್ಚೆ ಚುಕ್ಕೆಯ ಹಾಗಿವೆ. "ಇಷ್ಟೇನಾ?" ಎಂದರು. ಬೆನ್ನು ಹಿಡಿದವರು ಮತ್ತೆ ಬರತೊಡಗಿದ್ದಾರೆ, ಆ ಭಯವೂ ಹೋಯಿತು.

ಕೊನೆಗೆ ನಿನ್ನ ತವರುಮನೆ. ರಾಮಚಂದ್ರಣ್ಣನ ಎದುರಿಗೆ ನಿಂತು ಕೈ ಮುಗಿದೆ. ಅವನು ಎದ್ದು ಒಳಗೆ ಹೋಗಿಬಿಟ್ಟ. ನರಸಮ್ಮ ಮಾತ್ರ "ಇಷ್ಟು ದಿನ ಎಲ್ಲೋಗಿದ್ದೆ ಗಂಗಕ್ಕ?" ಎಂದು ಅಳುತ್ತಾ ನನ್ನನ್ನು ಚೆನ್ನಾಗಿ ಬೈದಳು. ಬೈಸಿಕೊಂಡೆ. ಸಂಜೆ ಅಣ್ಣನೇ ನಮ್ಮ ಜಗಲಿಗೆ ಬಂದು, ಯುಗಾದಿಗೆ ನಿನ್ನನ್ನು ಕರೆತರಲು ತಾನೇ ಹೋಗುತ್ತೇನೆ ಎಂದ.

ಬರುತ್ತೀಯಲ್ಲ? ನಾನು ಮಾಡಿದ್ದಕ್ಕೆ ಕ್ಷಮೆ ಕೇಳುವ ಮುಖವೂ ನನಗಿಲ್ಲ. ಕೇಳುತ್ತಿದ್ದೇನೆ.

ನಿನ್ನ
ಗಂಗೂ

* * *

ಆಂಡರ್ಸನ್‌ಪೇಟೆ
31-3-1989

ಗಂಗೂ,

ಎಂಥ ಕಳ್ಳಿಯೇ ನೀನು! ಬುಧವಾರವೇ ಗೊತ್ತಾಗಿತ್ತು, ಆಮೇಲೂ "ಒದ್ದೋಳು ನೀನೇ ತಾನೇ" ಎಂದು ಅಷ್ಟೊಂದು ಕಾಫಿ ಕುಡಿದೆಯಲ್ಲ! ನಿನ್ನ ಕಾಗದ ಓದಿ ಮೊದಲು ಗಟ್ಟಿಯಾಗಿ ಬೈದೆ. ನಮ್ಮ ಯಜಮಾನರು ಹೆದರಿ ಎದ್ದು ಬಂದರು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಯಾಕೆ ಅತ್ತೆ ಎಂದು ನಿನಗೆ ಗೊತ್ತಿಲ್ಲ. ಒದ್ದಿಲ್ಲದವಳಿಗೆ ಒದ್ದಿಲ್ಲ ಎಂದು ಗೊತ್ತೇ ಇರುತ್ತದೆ ಎಂದು ಬರೆದಿದ್ದೀಯ. ನನಗೆ ಗೊತ್ತಿರಲಿಲ್ಲ ಕಣೆ. ಮೊದಮೊದಲು ಗೊತ್ತಿತ್ತು. ಆ ಕಾಗದ ಬರೆದ ದಿನವೂ ಗೊತ್ತಿತ್ತು. ಆಮೇಲೆ ನೀನು ಕಾಲು ಚಾಚಿಕೊಂಡು ಕಣ್ಣೆದುರಿಗೇ ಮಲಗಿದ್ದೆ, ಊರೆಲ್ಲ ಅದನ್ನೇ ಆಡಿತು, ಅಣ್ಣ ಬರಬೇಡ ಎಂದ. ಅವತ್ತು ನನಗೆ ಸಿಟ್ಟು ಬಂದಿದ್ದಂತೂ ನಿಜವೇ. ನಾನು ದೂರ ನಿಂತಿದ್ದೆನೋ, ನಿನ್ನ ಹಿಂದೆಯೇ ಓಡಿ ಬಂದೆನೋ, ನೆನೆಸಿಕೊಂಡಷ್ಟೂ ಕಲಸಿಹೋಗುತ್ತಿತ್ತು. ಸಿಟ್ಟಿನಲ್ಲಿ ನನಗೇ ತಿಳಿಯದೆ ನನ್ನ ಕಾಲು ಎದ್ದಿತೇನೋ ಅನ್ನಿಸಿ, ಒಲೆ ಮುಂದೆ ಕೂತು ನನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದೆ. ಕೋದಂಡಪ್ಪನನ್ನಾದರೂ ಯಾವ ಮುಖ ಹೊತ್ತು ಕೇಳಲಿ? ಒಪ್ಪಿಕೊಂಡು ಬರೆದಾಗಿತ್ತು.

ಯುಗಾದಿಗೆ ಬರುತ್ತೇನೆ. ಅಣ್ಣ ಬರುವವರೆಗೂ ಕಾಯುವುದಿಲ್ಲ, ಹಿಂದಿನ ದಿನವೇ ಮೊದಲ ಬಸ್ಸಿಗೆ ಬರುತ್ತೇನೆ. ನೀನು ಕ್ಷಮೆ ಗಿಮೆ ಏನೂ ಕೇಳಬೇಡ. ಯಾರೂ ಒದ್ದಿಲ್ಲಮ್ಮ ಎಂದು ಆ ಡಾಕ್ಟರು ಹೇಳಿದ್ದನ್ನು ನನ್ನ ಎದುರು ಕೂತು ಇನ್ನೊಂದು ಸಲ ಹೇಳು, ಸಾಕು.

ನಿನ್ನ
ಮುತ್ಯಾಲು